ಹನ್ನೊಂದು ಪಾಯಿಂಟ್ ಆರು

ನಾಲ್ಕನೇ ಮಗುವಿನ ತೋಳಿಗೆ ಟೇಪು ಸುತ್ತುವ ಹೊತ್ತಿಗೇ ಗಂಗರತ್ನಮ್ಮನಿಗೆ ತನ್ನ ಕೈ ಮೇಲಿನ ನಂಬಿಕೆ ಹೋಗಿತ್ತು. ಯಲಹಂಕ ಹಳೇ ಊರಿನ ಆ ಒಂದೇ ಕೋಣೆಯ ಅಂಗನವಾಡಿಯಲ್ಲಿ ಹತ್ತು ಮಕ್ಕಳು, ಹತ್ತು ತಾಯಂದಿರು, ಅಳೆಯುವವರು ಐದು ಜನ. ಆರು ತಿಂಗಳಿಗೊಮ್ಮೆ ನಡೆಯುವ ಪರೀಕ್ಷೆ ಇದು, ಮಕ್ಕಳಿಗಲ್ಲ, ಅಳೆಯುವವರಿಗೆ. ಅದೇ ಹತ್ತು ಮಕ್ಕಳನ್ನು ಐದೂ ಜನ ಒಬ್ಬರಾದ ಮೇಲೊಬ್ಬರು ಎರಡೆರಡು ಸಲ ಅಳೆಯಬೇಕು. ಮೊದಲ ಸುತ್ತಿನಲ್ಲಿ ಬರೆದದ್ದನ್ನು ಎರಡನೇ ಸುತ್ತಿನಲ್ಲಿ ನೋಡುವಂತಿಲ್ಲ, ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣುವಂತಿಲ್ಲ. ಕೊನೆಗೆ ನಾಲ್ವರ ಅಂಕಿಗಳನ್ನು ಐದನೆಯವರ ಅಂಕಿಗಳ ಪಕ್ಕ ಇಟ್ಟು ಯಾರ ಕೈ ಎಷ್ಟು ತಪ್ಪುತ್ತದೆ ಎಂದು ಹೇಳುತ್ತಾರೆ. ಆ ಐದನೆಯವಳು ಐದು ವರ್ಷದಿಂದ ಗಂಗರತ್ನಮ್ಮನೇ. ಹೆಬ್ಬಾಳದ ಆಫೀಸಿನಲ್ಲಿ ಕೂರುವ ಹುಡುಗ ಹುಡುಗಿಯರೆಲ್ಲ ಏನೇನೋ ಡಿಗ್ರಿ ಓದಿದವರು. ಇವಳು ಪಿಯುಸಿ ಫೇಲು. ಆದರೂ ಬಡ ದೇಶಗಳ ಎಳೆ ಮಕ್ಕಳ ಊಟ, ಬೆಳವಣಿಗೆಯ ಮೇಲೆ ಐದು ದೇಶಗಳಲ್ಲಿ ಒಟ್ಟಿಗೆ ನಡೆಯುವ ಈ ಸಂಶೋಧನೆಯಲ್ಲಿ ಯಲಹಂಕದ ಮಟ್ಟಿಗೆ ಸರಿ ಅಳತೆ ಯಾವುದು ಎಂದು ಯಾರಾದರೂ ಕೇಳಿದರೆ ಎಲ್ಲರೂ ಇವಳ ಕಡೆ ಬೆರಳು ತೋರಿಸುತ್ತಿದ್ದರು. ಇಷ್ಟು ದಿನ ಆ ಬೆರಳುಗಳ ಎದುರು ಅವಳಿಗೆ ಹಿತವಾಗುತ್ತಿತ್ತು. ಇವತ್ತು ಮಾತ್ರ ಸೆರಗಿನಲ್ಲಿ ಬೆವರು ಒರೆಸಿಕೊಂಡು, ಇದು ಫ್ಯಾನು ಇಲ್ಲದ್ದಕ್ಕೆ ಎಂದು ತನಗೇ ಹೇಳಿಕೊಂಡಳು.

ಟೇಪು ಸುತ್ತುವುದು ನೋಡುವುದಕ್ಕೆ ಬಹಳ ಸುಲಭ. ಎಡ ತೋಳು, ಭುಜದ ಎಲುಬಿಗೂ ಮೊಣಕೈಗೂ ನಡುಮಧ್ಯ ಪೆನ್ನಿನಲ್ಲಿ ಒಂದು ಚುಕ್ಕಿ. ಕೈ ಇಳಿಬಿಡಿಸಿ ಟೇಪು ಸುತ್ತಿ ಅದರ ಕಿಂಡಿಯಲ್ಲಿ ಕಾಣುವ ಅಂಕಿ ಓದಬೇಕು. ಬಿಗಿಯಾದರೆ ಮಾಂಸ ಒತ್ತುತ್ತದೆ, ಸಡಿಲವಾದರೆ ಗಾಳಿಯನ್ನು ಅಳೆದಂತಾಗುತ್ತದೆ. ಹನ್ನೊಂದೂವರೆ ಸೆಂಟಿಮೀಟರಿನವರೆಗೆ ಕೆಂಪು, ಹನ್ನೆರಡೂವರೆಯವರೆಗೆ ಹಳದಿ, ಅಲ್ಲಿಂದಾಚೆಗೆ ಹಸಿರು. ಹಸಿರಾದರೆ ಸರಿ. ಹಳದಿಯಾದರೆ ತಾಯಿಗೆ ನಾಲ್ಕು ಬುದ್ಧಿಮಾತು, ಮೊಟ್ಟೆ ಕೊಡಿ, ರಾಗಿ ಮೊಳಕೆ ಕಟ್ಟಿ ಅಂಬಲಿ ಮಾಡಿ, ಮುಂದಿನ ತಿಂಗಳು ಬರ್ತೀವಿ. ಕೆಂಪಾದರೆ ಆಸ್ಪತ್ರೆಯ ಪೌಷ್ಟಿಕ ಕೇಂದ್ರದಲ್ಲಿ ಹದಿನಾಲ್ಕು ದಿನ, ತಾಯಿಯೂ ಜೊತೆಗಿರಬೇಕು. ನಾಲ್ಕನೇ ಮಗು ಗುಂಡುಗುಂಡಾಗಿತ್ತು, ಕಿಂಡಿಯಲ್ಲಿ ಹಸಿರೇ ಹಸಿರು. ‘ಹದಿನಾಲ್ಕು ಪಾಯಿಂಟ್ ಎರಡು’ ಎಂದಳು. ಪಕ್ಕದಲ್ಲಿದ್ದ ಮೋನಿಷಾ ‘ಹದಿನಾಲ್ಕು ಪಾಯಿಂಟ್ ಎರಡು’ ಎಂದು ತಿರುಗಿ ಹೇಳಿ ಬರೆದಳು. ಮೋನಿಷಾ ಎರಡು ವರ್ಷದಿಂದ ಇವಳ ಜೊತೆ ಮನೆ ಮನೆ ಸುತ್ತುವ ಹುಡುಗಿ. ಅಳೆಯುವವರು ಕೂಗಬೇಕು, ಬರೆಯುವವರು ಅದನ್ನೇ ತಿರುಗಿ ಕೂಗಬೇಕು ಎಂಬ ನಿಯಮವನ್ನು ಒಮ್ಮೆಯೂ ತಪ್ಪಿದವಳಲ್ಲ. ಒಂಬತ್ತು ತಿಂಗಳ ಹಿಂದೆ ಅವತ್ತೂ ತಪ್ಪಿರಲಿಲ್ಲ. ರಾಜಾನುಕುಂಟೆಯ ಕೂಲಿಯವರ ಶೆಡ್ಡಿನ ಬಾಗಿಲಲ್ಲಿ ಬೆಳಕಿಗೆ ಬೆನ್ನು ಹಾಕಿ ಕೂತು, ‘ಹನ್ನೊಂದು ಪಾಯಿಂಟ್ ಆರು’ ಎಂದು ಇವಳು ಹೇಳಿದ್ದನ್ನೇ ತಿರುಗಿ ಹೇಳಿ ಟ್ಯಾಬಿನಲ್ಲಿ ಒತ್ತಿದ್ದಳು. ಕಿಂಡಿಯಲ್ಲಿ ಇದ್ದದ್ದು ಹನ್ನೊಂದು ಪಾಯಿಂಟ್ ನಾಲ್ಕು. ಗಂಗರತ್ನಮ್ಮ ಎರಡು ಸಲ ಸುತ್ತಿದ್ದಳು, ಎರಡು ಸಲವೂ ನಾಲ್ಕೇ, ಎರಡು ಸಲವೂ ಕೆಂಪೇ. ಸಾಬಮ್ಮನ ಮಗ ಮಾಳಪ್ಪ, ಇಪ್ಪತ್ತೆರಡು ತಿಂಗಳು, ಆ ಹೊತ್ತಿನಲ್ಲಿ ಅಳುತ್ತಲೂ ಇರಲಿಲ್ಲ. ಅಳುವ ಮಕ್ಕಳ ತೋಳು ಹಿಡಿಯುವುದು ಕಷ್ಟ, ಆದರೆ ಮನಸ್ಸಿಗೆ ಧೈರ್ಯ. ಸುಮ್ಮನೆ ನೋಡುವ ಮಕ್ಕಳ ತೋಳು ಹಿಡಿಯುವುದು ಸುಲಭ, ಆಮೇಲೆ ಅನ್ನ ಸೇರುವುದಿಲ್ಲ.

‘ಅಕ್ಕೋರೆ, ದವಾಖಾನಿಗಿ ಹಾಕಬ್ಯಾಡ್ರಿ’ ಎಂದಿದ್ದಳು ಸಾಬಮ್ಮ. ಯಾದಗಿರಿ ಕಡೆಯವಳು, ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಜಲ್ಲಿ ಹೊರುತ್ತಿದ್ದಳು, ಆಗ ಏಳು ತಿಂಗಳ ಬಸುರಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರಿಗೆ ಮಾತ್ರ ಶೆಡ್ಡು, ಹದಿನಾಲ್ಕು ದಿನ ಕೆಲಸಕ್ಕೆ ಬರದಿದ್ದರೆ ಮೇಸ್ತ್ರಿ ಆ ಶೆಡ್ಡನ್ನು ಬೇರೆಯವರಿಗೆ ಕೊಡುತ್ತಾನೆ, ಹೋದ ತಿಂಗಳು ಪಕ್ಕದವರ ಸಾಮಾನನ್ನು ಹೀಗೆಯೇ ಹೊರಗಿಟ್ಟ, ಈ ಹೊಟ್ಟೆ ಇಟ್ಟುಕೊಂಡು ಎಲ್ಲಿಗೆ ಹೋಗಲಿ ಎಂದು ಅವಳು ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ಗಂಗರತ್ನಮ್ಮ ಟೇಪು ಹಿಡಿದುಕೊಂಡೇ ಕೇಳುತ್ತಿದ್ದಳು. ಅವಳಿಗೆ ಚೆನ್ನಾಗಿ ಗೊತ್ತಿತ್ತು, ಆ ಶೆಡ್ಡುಗಳು ನಿಂತ ನೆಲ ಅವಳ ಗಂಡನದು. ಮಾವ ಚಿಕ್ಕಬೈರಪ್ಪನವರು ಇರುವ ತನಕ ಅಲ್ಲಿ ರಾಗಿ ಬೆಳೆಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಇವಳೂ ಅಲ್ಲಿ ಕಳೆ ಕಿತ್ತವಳು. ಈಗ ಮುಂದಿನ ಅರ್ಧ ಬಿಲ್ಡರಿಗೆ ಹೋಗಿದೆ, ಹಿಂದಿನ ಅರ್ಧದಲ್ಲಿ ತಗಡಿನ ಶೆಡ್ಡುಗಳು. ಮೇಸ್ತ್ರಿ ಮುನಿವೆಂಕಟಯ್ಯ ಅವಳ ಗಂಡ ನಾಗಭೂಷಣನ ಮಾತು ಮೀರುವವನಲ್ಲ. ಗಂಡನಿಗೆ ಒಂದು ಫೋನು ಮಾಡಿ, ಇವರನ್ನ ಎಬ್ಬಿಸಬೇಡಿ ಅಂತ ಮೇಸ್ತ್ರಿಗೆ ಹೇಳಿ ಎಂದಿದ್ದರೆ ಮುಗಿದಿತ್ತು. ಫೋನು ಬ್ಯಾಗಿನಲ್ಲೇ ಇತ್ತು. ಆದರೆ ಎರಡು ದಿನದ ಹಿಂದಷ್ಟೇ ಮಾಕಳಿಯಲ್ಲಿ ಮೈದುನನ ಹೊಸ ಮನೆಯ ಗೃಹಪ್ರವೇಶದಲ್ಲಿ, ಊಟದ ಪಂಕ್ತಿಯ ಎದುರು ನಾಗಭೂಷಣ ಎಲ್ಲರಿಗೂ ಕೇಳುವ ಹಾಗೆ, ‘ನಮ್ಮಳು ಟೈಲರ್ ಆಗವ್ಳೆ ಕಣ್ರಪ್ಪ. ಟೇಪ್ ಇಡ್ಕಂಡು ಊರೆಲ್ಲಾ ಅಳೀತಾಳೆ, ಆದ್ರೆ ಒಂದ್ ರವಿಕೆ ಒಲಿಯಾಕಿಲ್ಲ’ ಎಂದಿದ್ದ. ನೆಂಟರೆಲ್ಲ ನಕ್ಕಿದ್ದರು, ಓರಗಿತ್ತಿ ಪಾಯಸ ಬಡಿಸುತ್ತಾ ನಿಂತು ನಕ್ಕಿದ್ದಳು, ಇವಳೂ ನಗಬೇಕಾಗಿ ಬಂದಿತ್ತು. ಆ ನಗು ಇನ್ನೂ ಬಾಯಲ್ಲಿ ಕಹಿಯಾಗಿ ಇತ್ತು. ಈಗ ಫೋನು ಮಾಡಿದರೆ, ಓಹೋ ಟೈಲರಮ್ಮ ಶಿಫಾರಸಿಗೆ ಬಂದ್ಲು ಅನ್ನುತ್ತಾನೆ, ಸಂಜೆ ಅದನ್ನೇ ನಾಲ್ಕು ಜನರ ಮುಂದೆ ಹೇಳುತ್ತಾನೆ. ಅದನ್ನು ಯೋಚಿಸಿ ಅವಳಿಗೆ ಮೈಯೆಲ್ಲ ಉರಿಯಿತು. ಹಾಗಾಗಿ ಬ್ಯಾಗಿಗೆ ಕೈ ಹಾಕಲಿಲ್ಲ. ಬೆರಳು ಸಡಿಲ ಬಿಟ್ಟಳು, ಬಾಯಿ ಆರು ಎಂದಿತು. ಎರಡು ಮಿಲಿಮೀಟರಿನಲ್ಲಿ ಎಲ್ಲ ಸುಲಭವಾಗಿ ಹೋಯಿತು. ಸಾಬಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ‘ನಿಮಗ ಪುಣ್ಯ ಬರ್ತದ್ರಿ’ ಎಂದಿದ್ದಳು. ಹೊರಗೆ ಬಂದಾಗ ಗಂಗರತ್ನಮ್ಮನಿಗೆ ಒಂದು ಉಪಕಾರ ಮಾಡಿದ ಸಮಾಧಾನವೇ ಆಗಿತ್ತು, ಇದನ್ನು ನೆನೆದರೆ ಈಗ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾಗುತ್ತದೆ.

ಹದಿನೆಂಟನೇ ದಿನ ಮಗುವಿಗೆ ಭೇದಿ ಹತ್ತಿತು. ಎರಡು ದಿನ ಹಾಗೇ ಇದ್ದು, ಮೂರನೇ ದಿನ ಬೆಳಿಗ್ಗೆ ಆಟೋದಲ್ಲಿ ಯಲಹಂಕದ ಆಸ್ಪತ್ರೆಗೆ ಬರುವ ದಾರಿಯಲ್ಲೇ ಜೀವ ಹೋಯಿತು. ಸುದ್ದಿ ಬಂದಾಗ ಇವಳು ಆರ್.ಟಿ. ನಗರದಲ್ಲಿ ಯಾವುದೋ ಮನೆಯ ಮಹಡಿಯ ಮೇಲೆ ಒಂದು ಮಗುವಿನ ಮುಂದೆ ಬಣ್ಣದ ಕಟ್ಟಿಗೆ ತುಂಡುಗಳನ್ನು ಹರಡಿ, ಒಂದರ ಮೇಲೊಂದು ಎಷ್ಟು ಇಡುತ್ತದೆ ಎಂದು ಎಣಿಸುತ್ತಿದ್ದಳು. ಅದು ಬುದ್ಧಿ ಬೆಳವಣಿಗೆಯ ಪರೀಕ್ಷೆ. ಅವತ್ತು ಇದೇ ಪರೀಕ್ಷೆಯಲ್ಲಿ ಮಾಳಪ್ಪ ಮೂರು ಇಟ್ಟಿದ್ದ. ನಾಲ್ಕನೆಯದನ್ನು ಇಡಲು ಹೋಗಿ, ಏನನ್ನಿಸಿತೋ, ಮುಷ್ಟಿಯಲ್ಲಿ ಹಿಡಿದುಕೊಂಡು ಕೂತುಬಿಟ್ಟಿದ್ದ. ಎಷ್ಟು ಪುಸಲಾಯಿಸಿದರೂ ಕೊಟ್ಟಿರಲಿಲ್ಲ. ಹಾಳೆಯಲ್ಲಿ ಮೂರು ಎಂದೇ ಬರೆದಿತ್ತು. ಅದು ನಿಜವಾದ ಅಂಕಿ. ಆಮೇಲೆ ಪ್ರಾಜೆಕ್ಟಿನ ಡಾಕ್ಟರ್ ಮೇಡಂ ಸಾವಿನ ಫಾರಂ ತುಂಬುವಾಗ ಇವಳನ್ನೂ ಕೂರಿಸಿಕೊಂಡಿದ್ದರು. ಕೊನೆಯ ಅಳತೆ ಎಷ್ಟು ಎಂದು ಸ್ಕ್ರೀನ್ ನೋಡಿ ತಾವೇ ಓದಿಕೊಂಡು, ‘ಹನ್ನೊಂದು ಪಾಯಿಂಟ್ ಆರು. ಹಳದಿ. ಹಾಗಾದ್ರೆ ನಮ್ಮ ಕಡೆಯಿಂದ ಆಸ್ಪತ್ರೆಗೆ ಕಳಿಸೋ ಪ್ರಶ್ನೆ ಬರಲ್ಲ. ಭೇದಿ ಅಂತಾನೇ ಬರೀತೀನಿ. ಪಾಪ’ ಎಂದರು. ಪಾಪ ಎಂದಾಗ ಅವರ ಕಣ್ಣು ನಿಜವಾಗಿ ತುಂಬಿತ್ತು. ಇವಳು ಆಗಲೇ ಹೇಳಬಹುದಿತ್ತು. ಹೇಳಲು ಬಾಯಿ ತೆರೆದಳು ಕೂಡ. ಬಾಯಿ ತೆರೆದದ್ದನ್ನು ನೋಡಿ ಮೇಡಂ ನೀರಿನ ಬಾಟಲಿ ಮುಂದೆ ತಳ್ಳಿದರು. ನೀರು ಕುಡಿದಳು. ಆ ಒಂದು ಅಂಕಿ ಎಲ್ಲರನ್ನೂ ಕಾಪಾಡಿತು, ಆಫೀಸನ್ನು, ಮೇಡಂ ಅವರನ್ನು, ಮೋನಿಷಾಳನ್ನು, ತನ್ನನ್ನು. ಕಾಪಾಡದೆ ಬಿಟ್ಟದ್ದು ಒಬ್ಬನನ್ನೇ.

ಒಂಬತ್ತು ತಿಂಗಳಾಗಿತ್ತು. ಇವತ್ತು ಬೆಳಿಗ್ಗೆ ಹೊಸ ಹೆಸರುಗಳ ಪಟ್ಟಿ ಬಂದಾಗ ಅದರಲ್ಲಿ ಮೂರನೆಯದು, ಭಾಗಮ್ಮ, ಹೆಣ್ಣು, ಏಳು ತಿಂಗಳು, ತಾಯಿ ಸಾಬಮ್ಮ, ರಾಜಾನುಕುಂಟೆ ಶೆಡ್. ಆವತ್ತು ಹೊಟ್ಟೆಯಲ್ಲಿದ್ದ ಮಗು. ಹೋಗದೆ ಇರಲು ಇವಳು ನೂರು ನೆವ ಹುಡುಕಿದಳು. ಯಾವುದೂ ಸಿಗಲಿಲ್ಲ, ರಾಜಾನುಕುಂಟೆ ಇವಳ ಪಾಲಿಗೆ ಬಿದ್ದ ಏರಿಯಾ, ಇವಳ ಸ್ವಂತ ಊರು. ಮಧ್ಯಾಹ್ನ ಆ ತಾಯಿಯ ಮುಂದೆ ಕೂರುವ ಮೊದಲು ಯಾರಿಗಾದರೂ ಹೇಳಿಬಿಡಬೇಕು, ಹೇಳದೆ ಇನ್ನೊಂದು ತೋಳು ಮುಟ್ಟಲಾರೆ ಅನ್ನಿಸಿತು. ಮೊದಲ ಸುತ್ತು ಮುಗಿದು ಟೀ ಬಂದಾಗ ನಿರಂಜನ್ ಅಂಗನವಾಡಿಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಂಕಿಗಳನ್ನೆಲ್ಲ ನೋಡಿಕೊಳ್ಳುವವನು ಅವನೇ; ಇಪ್ಪತ್ತೆಂಟರ ಹುಡುಗ, ವಯಸ್ಸಿನಲ್ಲಿ ಮಗನಾಗಬಹುದು, ಕೆಲಸದಲ್ಲಿ ಇವಳ ಮೇಲಿನವನು.

‘ನಿರಂಜನ್, ಒಂದ್ ಮಾತಿತ್ತು’ ಎಂದಳು.

‘ಹೇಳಿ ಮೇಡಂ. ಕೂತ್ಕೊಳ್ಳಿ.’

ಅವಳು ಕೂರಲಿಲ್ಲ. ‘ಶೆಡ್ಡಿನ ಮಗು, ಮಾಳಪ್ಪ. ತೀರ್ಕೊಂತಲ್ಲ. ಅವತ್ತು ನಾನು ಹನ್ನೊಂದು ಪಾಯಿಂಟ್ ಆರು ಅಂದೆ. ಇದ್ದಿದ್ದು ನಾಲ್ಕು.’

ನಿರಂಜನ್ ಒಮ್ಮೆ ಬಾಗಿಲ ಕಡೆ ನೋಡಿದ. ಒಳಗೆ ಮಕ್ಕಳಿಗೆ ಉಪ್ಪಿಟ್ಟು ಕೊಡುತ್ತಿದ್ದರು. ‘ಎರಡು ಮಿಲಿಮೀಟರ್ ತಾನೇ ಮೇಡಂ. ಯಾರ ಕೈಲಾದ್ರೂ ಅಷ್ಟು ವ್ಯತ್ಯಾಸ ಬಂದೇ ಬರುತ್ತೆ. ಅದಕ್ಕೇ ಅಲ್ವಾ ಈ ಟೆಸ್ಟು ಮಾಡೋದು.’

‘ವ್ಯತ್ಯಾಸ ಬಂದಿದ್ದಲ್ಲಪ್ಪ. ನಂಗೆ ನಾಲ್ಕು ಅಂತ ಕಾಣ್ತಾ ಇತ್ತು. ಕಂಡೂ ಕಂಡೂ ಆರು ಅಂದೆ.’

ಅವನು ಬಯ್ಯುತ್ತಾನೆ ಎಂದು ಅವಳು ಕಾದಳು. ಬೈದರೆ ಸಾಕಿತ್ತು, ಇಲ್ಲಿಯೇ ಕೆಲಸ ಬಿಡಿ ಎಂದಿದ್ದರೂ ಸಾಕಿತ್ತು. ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಬಿಳಿ ಪರದೆಯ ತುಂಬ ಸಣ್ಣ ನೀಲಿ ಚುಕ್ಕಿಗಳು, ಚೆಲ್ಲಿದ ಸಾಸಿವೆಯ ಹಾಗೆ, ನಡುವೆ ಒಂದು ಓರೆ ಗೆರೆ. ‘ಇದು ಐದೂ ದೇಶ ಸೇರಿ ಮೇಡಂ, ಒಂಬತ್ತು ಸಾವಿರ ಮಕ್ಕಳು. ಒಂದೊಂದು ಚುಕ್ಕಿ ಒಂದೊಂದು ಮಗು. ನೋಡಿ, ಇದು ಅವನು’ ಎಂದು ಒಂದು ಚುಕ್ಕಿಯ ಮೇಲೆ ಬಾಣ ಇಟ್ಟ. ಆರು ಅಳಿಸಿ ನಾಲ್ಕು ಒತ್ತಿದ. ಚುಕ್ಕಿ ಕೂದಲೆಳೆಯಷ್ಟು ಕೆಳಗಿಳಿಯಿತು, ಗೆರೆ ಇದ್ದಲ್ಲೇ ಇತ್ತು. ‘ಗೆರೆ ಅಲ್ಲಾಡಿದ್ಯಾ? ಇಲ್ಲ ತಾನೇ? ಈಗ ಇದನ್ನ ಎತ್ತಿದ್ರೆ ನಿಮ್ಮ ಐದು ವರ್ಷದ ಅಳತೆ ಎಲ್ಲಾ ಅನುಮಾನಕ್ಕೆ ಬರುತ್ತೆ. ಎಲ್ಲರ ಅಳತೆ ನಿಂತಿರೋದೇ ನಿಮ್ಮ ಅಳತೆ ಮೇಲೆ. ಯಾಕ್ ಮೇಡಂ ಸುಮ್ನೆ. ಮಗು ಹೋಗಿದ್ದು ಭೇದಿಯಿಂದ. ಮನಸ್ಸಿಗೆ ಹಚ್ಕೋಬೇಡಿ.’ ಹಾಗೆಂದು ಮತ್ತೆ ಆರು ಒತ್ತಿ, ತನ್ನ ಬಿಸ್ಕತ್ತಿನ ಪೊಟ್ಟಣವನ್ನು ಅವಳ ಮುಂದೆ ಹಿಡಿದ. ಒಳ್ಳೆಯ ಹುಡುಗ, ಅವಳ ಕಣ್ಣು ನೋಡಿ ನಿಜವಾಗಿ ಮರುಗಿ ಹೇಳಿದ್ದ. ಬೈಸಿಕೊಳ್ಳಲು ಹೋದವಳು ಬಿಸ್ಕತ್ತು ತಿಂದು ಒಳಗೆ ಬಂದಳು. ಎರಡನೇ ಸುತ್ತಿನಲ್ಲಿ ಕೈ ತಪ್ಪಿತೆಂದೇ ಅಂದುಕೊಂಡಿದ್ದಳು, ಆದರೆ ಫಲಿತಾಂಶ ಬಂದಾಗ ಎರಡು ಸುತ್ತಿನ ನಡುವೆ ಅತಿ ಕಡಿಮೆ ವ್ಯತ್ಯಾಸ ಈ ಸಲವೂ ಅವಳದೇ. ಎಲ್ಲರೂ ಚಪ್ಪಾಳೆ ತಟ್ಟಿದರು, ಮೋನಿಷಾ ಮೊಬೈಲಿನಲ್ಲಿ ಫೋಟೋ ತೆಗೆದಳು. ಈ ಕೈಗೆ ನಾಚಿಕೆ ಎನ್ನುವುದೇ ಇಲ್ಲವೇನೋ ಎಂದು ಅವಳಿಗೆ ತನ್ನ ಕೈ ನೋಡಿ ಅನ್ನಿಸಿತು.

ನಜೀರ್ ಪ್ರಾಜೆಕ್ಟಿನ ವ್ಯಾನು ಓಡಿಸುವವನು. ದೊಡ್ಡಬಳ್ಳಾಪುರ ರಸ್ತೆಗೆ ತಿರುಗಿಸಿ, ‘ಇವತ್ತು ನಿಮ್ಮೂರು ಅಲ್ವಾ ಅಮ್ಮ, ಮನೆಯಲ್ಲಿ ಇಳೀತೀರಾ?’ ಎಂದು ಕೇಳಿದ. ‘ಇಲ್ಲಪ್ಪ, ಶೆಡ್ಡಿಗೇ ಹೋಗು’ ಎಂದಳು. ಹಿಂದಿನ ಸೀಟಿನಲ್ಲಿ ತೂಕದ ಯಂತ್ರ, ಮಕ್ಕಳನ್ನು ಮಲಗಿಸಿ ಉದ್ದ ಅಳೆಯುವ ಮರದ ಹಲಗೆ, ಅದರ ಮೇಲೆ ತಲೆಯಿಟ್ಟು ಮೋನಿಷಾ ನಿದ್ದೆ ಹೋಗಿದ್ದಳು. ರಸ್ತೆಯ ಎರಡೂ ಬದಿಗೆ ಲೇಔಟಿನ ಕಮಾನುಗಳು, ಕಮಾನಿನಾಚೆ ಏನೂ ಇಲ್ಲ, ಬರೀ ಕಲ್ಲು ನೆಟ್ಟ ಸೈಟುಗಳು. ಮಾವ ಚಿಕ್ಕಬೈರಪ್ಪನವರು ರಾಗಿ ತೆನೆಯನ್ನು ಅಂಗೈಯಲ್ಲಿ ಉಜ್ಜಿ ಊದಿ, ಕಾಳು ಗಟ್ಟಿಯೋ ಜೊಳ್ಳೋ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಅವರ ಅಳತೆಗೂ ಯಾರೂ ಎದುರಾಡುತ್ತಿರಲಿಲ್ಲ. ಆ ಹೊಲದಲ್ಲಿ ಈಗ ಮಕ್ಕಳು ರಾಗಿ ಅಂಬಲಿ ಇಲ್ಲದೆ ಇವೆ, ನಾನು ಅಲ್ಲಿಗೇ ಹೋಗಿ ರಾಗಿ ಅಂಬಲಿ ಕೊಡಿ ಎಂದು ಪಾಠ ಹೇಳುತ್ತೇನೆ ಎಂದುಕೊಂಡಳು. ತಾಯಿಗೆ ಹೇಳಿಬಿಡಬೇಕು, ಅವಳಿಗೆ ಹೇಳಿದರೆ ಬಯ್ಯುತ್ತಾಳೆ, ಮುಖಕ್ಕೆ ಉಗಿದರೂ ಸರಿಯೇ. ಆದರೆ ಹೇಳುವುದು ಅವಳಿಗೋಸ್ಕರವೋ ನನಗೋಸ್ಕರವೋ? ನನ್ನ ಎದೆ ಹಗುರಾಗಲಿ ಎಂದು ಅವಳ ಎದೆಯ ಮೇಲೆ ಕಲ್ಲು ಇಟ್ಟು ಬಂದಂತಾಗುವುದಿಲ್ಲವೇ? ವ್ಯಾನು ಮಣ್ಣಿನ ದಾರಿಗೆ ಇಳಿದು ಕುಲುಕಿತು, ಮೋನಿಷಾ ಎದ್ದು ಕೂದಲು ಸರಿಮಾಡಿಕೊಂಡಳು.

ಶೆಡ್ಡಿನೊಳಗೆ ಸಾಬಮ್ಮನ ಗಂಡನೂ ಇದ್ದ, ಊಟಕ್ಕೆ ಬಂದವನು. ಸಿಮೆಂಟು ಅಂಟಿದ ಕೈಯನ್ನು ಲುಂಗಿಗೆ ಒರೆಸಿಕೊಂಡು ಎದ್ದು ನಿಂತ. ಸಾಬಮ್ಮ ಒಣಗಿದ್ದಳು, ಆದರೆ ಮೊದಲಿಗಿಂತ ನೆಟ್ಟಗೆ ನೋಡುತ್ತಿದ್ದಳು. ತೊಡೆಯ ಮೇಲೆ ಮಗು ಹಳದಿ ಜಬಲದಲ್ಲಿ ಮುಳುಗಿಹೋಗಿತ್ತು. ಗಂಗರತ್ನಮ್ಮ ನೆಲದ ಮೇಲೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಶುರುಮಾಡಿದಳು.

‘ಸಾಬಮ್ಮ, ಅವತ್ತು ನಾನು ಮಾಳಪ್ಪನ ಕೈ ಅಳೆದ್ನಲ್ಲ, ಆ ಅಳತೆ...’

‘ಚಾ ಕುಡೀರಿ ಅಕ್ಕೋರೆ’ ಎಂದು ಸಾಬಮ್ಮ ನಡುವೆಯೇ ಅಂದಳು. ಒಲೆಯ ಮೇಲೆ ಚಹಾ ಇರಲಿಲ್ಲ.

ಗಂಡ ಅದನ್ನು ಗಮನಿಸಲಿಲ್ಲ. ‘ಅಳತಿ ಬರೋಬರಿ ಇತ್ತಂತ ಡಾಕ್ಟರ್ ಮೇಡಂ ಅವರು ಹೇಳ್ಯಾರ್ರಿ ನಮಗ. ಹನ್ನೊಂದು ಆರು. ನಮ್ಮವ್ವ ಊರಾಗ ಏನಂದ್ಲು ಗೊತ್ತೇನ್ರಿ, ಇಕಿ ಕೂಸಿಗಿ ಉಣಸಿಲ್ಲ, ಹಸಿವಿಲೇ ಸಾಯಿಸ್ಯಾಳ ಅಂದ್ಲು. ಇಕಿನ್ನ ಬಿಟ್ಟು ಬಾ ಅಂದ್ಲು. ನಾ ಹೇಳೀನಿ, ಸರಕಾರದ ಪಟ್ಯಾಗ ಬರದಾರ, ಹನ್ನೊಂದು ಆರು ಇತ್ತು, ಕೂಸು ಹಸದಿಲ್ಲ, ಅದು ಭೇದಿ ಆಗಿ ಹೋಗ್ಯಾದ. ಆಮ್ಯಾಲ ಸುಮ್ಮಾದ್ಲು’ ಎಂದ. ಸರ್ಕಾರದ ಪಟ್ಟಿಯಲ್ಲ, ಸಂಶೋಧನೆಯದು ಎಂದು ಗಂಗರತ್ನಮ್ಮ ತಿದ್ದಲಿಲ್ಲ. ಹೆಂಡತಿಯ ಕಡೆ ನೋಡಿ ಅವನು, ‘ಹೋಗಿ ಬರ್ತೀನಿ, ಕಾಂಕ್ರೀಟ್ ಹಾಕಾಕತ್ಯಾರ’ ಎಂದು ಹೊರಟ. ಹಲಗೆ ತರಲು ಮೋನಿಷಾ ವ್ಯಾನಿನ ಹತ್ತಿರ ಹೋಗಿದ್ದಳು. ಕೆಸರಿದ್ದರಿಂದ ನಜೀರ್ ದೂರದಲ್ಲೇ ನಿಲ್ಲಿಸಿದ್ದ. ತಗಡಿನ ಕೆಳಗೆ ಇಬ್ಬರು ಹೆಂಗಸರು, ನಡುವೆ ಆ ಮಗು. ಗಂಗರತ್ನಮ್ಮನಿಗೆ ತಲೆ ಎತ್ತಲಾಗಲಿಲ್ಲ. ತಾನು ಬಾಯಿಗೆ ಬಂದಂತೆ ಅಂದ ಅಂಕಿಯೊಂದು ಈ ಹೆಣ್ಣನ್ನು ಗಂಡನ ಮನೆಯಲ್ಲಿ ಉಳಿಸಿತ್ತು. ಅದನ್ನೇ ಈಗ ಕಿತ್ತುಕೊಳ್ಳಲು ಬಂದಿದ್ದಳು.

‘ಅವನ ಮುಂದ ಹೇಳಬ್ಯಾಡ್ರಿ’ ಎಂದಳು ಸಾಬಮ್ಮ. ‘ನಂಗೊತ್ತದ. ಕೆಂಪ ಇತ್ತು. ನಿಮ್ಮ ಬೆರಳಿನ ಸಂದ್ಯಾಗ ನಾ ನೋಡೀನಿ. ನೀವು ಆರು ಅಂದ್ರಿ, ಆ ಹುಡಿಗೀನೂ ಆರು ಅಂದ್ಳು. ನಾನೂ ಸುಮ್ಮ ಇದ್ದೆ.’

‘ನೀನು ಕೇಳ್ಕೊಂಡೆ ಅಂತ...’ ಎಂದು ಶುರುಮಾಡಿ ಗಂಗರತ್ನಮ್ಮ ನಿಲ್ಲಿಸಿದಳು. ಎಷ್ಟು ಬೇಗ ತಪ್ಪನ್ನು ಆ ಕಡೆ ಜರುಗಿಸಲು ಹೊರಟೆ ಎಂದು ತನ್ನ ನಾಲಗೆಯನ್ನು ತಾನೇ ಕಚ್ಚಿಕೊಂಡಳು.

‘ಹೌದ್ರಿ, ನಾನೇ ಕೇಳಿದ್ದು. ದಿನಾ ಅದೇ ಅಂತೀನಿ, ನಾನೇ ಕೇಳಿದ್ದು ನಾನೇ ಕೇಳಿದ್ದು ಅಂತ. ಜಲ್ಲಿ ಬುಟ್ಟಿ ಹೊರೋವಾಗ ಅಂತೀನಿ.’ ಅವಳು ಅಳುತ್ತಿರಲಿಲ್ಲ. ಜಬಲದ ತೋಳು ಸರಿಸಿ ಮಗುವಿನ ಎಡಗೈಯನ್ನು ಹೊರಗೆ ತೆಗೆದು ಮುಂದೆ ಹಿಡಿದಳು. ‘ಈ ಸಲ ಇದ್ದದ್ದು ಇದ್ದಂಗ ಬರೀರಿ. ಕೆಂಪ ಬಂದ್ರ ಕೆಂಪ ಅನ್ರಿ. ಹೋತೀನಿ ಹದಿನಾಲ್ಕು ದಿನ. ಶೆಡ್ ಹೋದ್ರ ಹೋಗ್ಲಿ, ಬಸ್ ಸ್ಟ್ಯಾಂಡಿನ್ಯಾಗ ಮಲಗ್ತೀನಿ.’

ಗಂಗರತ್ನಮ್ಮ ಆ ಪುಟ್ಟ ತೋಳನ್ನು ಕೈಗೆ ತೆಗೆದುಕೊಂಡಳು. ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡದ್ದನ್ನು ಈ ಹೆಣ್ಣೂ ಹೊತ್ತಿದ್ದಳು. ಅದರಲ್ಲಿ ಒಂದು ನೀಚ ಸಮಾಧಾನವಿತ್ತು, ನೀಚವೆಂದು ತಿಳಿದೂ ಅವಳು ಅದನ್ನು ಒಂದು ಗಳಿಗೆ ಅನುಭವಿಸಿದಳು. ಟೇಪು ತೆಗೆದಳು. ಭುಜ, ಮೊಣಕೈ, ನಡುವೆ ಚುಕ್ಕಿ. ಕಿಂಡಿಯಲ್ಲಿ ಹನ್ನೊಂದು ಪಾಯಿಂಟ್ ಎರಡು. ಬಿಚ್ಚಿ ಮತ್ತೆ ಸುತ್ತಿದಳು, ಎರಡೇ. ಬೆರಳು ಪೂರ್ತಿ ತೆಗೆದು ಸಾಬಮ್ಮನಿಗೆ ಕಾಣುವ ಹಾಗೆ ಕಿಂಡಿಯನ್ನು ಅವಳ ಕಡೆ ತಿರುಗಿಸಿದಳು. ಇಬ್ಬರೂ ಆ ಕೆಂಪನ್ನು ನೋಡಿದರು. ಮಗು ಟೇಪಿನ ತುದಿಯನ್ನು ಹಿಡಿದು ಬಾಯಿಗೆ ಇಟ್ಟುಕೊಂಡಿತು. ಇದು ಬದುಕುತ್ತದೆ, ಇದನ್ನು ಬದುಕಿಸಬೇಕು ಎಂದು ಗಂಗರತ್ನಮ್ಮನಿಗೆ ಹಟ ಬಂತು. ಯೋಚಿಸಲು ಹೋದರೆ ಮತ್ತೆ ಎಲ್ಲಿ ನಿಲ್ಲುತ್ತೇನೋ ಎಂಬ ಭಯಕ್ಕೆ ಬ್ಯಾಗಿನಿಂದ ಫೋನು ತೆಗೆದು ಗಂಡನ ಹೆಸರು ಒತ್ತಿದಳು. ಏನು ಬೇಕಾದರೂ ಅನ್ನಲಿ, ಟೈಲರ್ ಅನ್ನಲಿ, ನಾಲ್ಕು ಜನರ ಮುಂದೆ ಅನ್ನಲಿ.

‘ಏನ್ ರತ್ನ, ಈ ಒತ್ನಾಗೆ?’ ನಾಗಭೂಷಣನ ದನಿ ಫೋನಿನಾಚೆಗೂ ಕೇಳುವಷ್ಟು ದೊಡ್ಡದು.

‘ನಮ್ಮ ಶೆಡ್ಡಿನ ಹತ್ರ ಇದೀನ್ರೀ. ಇಲ್ಲಿ ಸಾಬಮ್ಮ ಅಂತ ಅವ್ರೆ, ಮೂರನೇ ಸಾಲಲ್ಲಿ. ಮಗೂನ ಹದಿನಾಲ್ಕು ದಿನ ಆಸ್ಪತ್ರೆಗೆ ಸೇರಿಸ್ಬೇಕು. ಅಷ್ಟರಲ್ಲಿ ಮೇಸ್ತ್ರಿ ಇವ್ರ ಶೆಡ್ಡನ್ನ ಬೇರೆಯವರಿಗೆ ಕೊಡಬಾರ್ದು. ನೀವೊಂದ್ ಮಾತು ಹೇಳ್ಬೇಕು.’

‘ಅದ್ಕೇನಂತೆ ಬಿಡು. ಮುನಿವೆಂಕಟಯ್ಯಂಗೆ ಈಗ್ಲೇ ಏಳ್ತೀನಿ. ನಮ್ ಜಾಗ, ಅವ್ನ್ಯಾರು ಎಬ್ಸಾಕೆ. ಇದ್ದಂಗೇ ಇರ್ಲಿ ಅವ್ರು’ ಎಂದ ನಾಗಭೂಷಣ. ಯಾವ ತಮಾಷೆಯನ್ನೂ ಮಾಡಲಿಲ್ಲ. ‘ಊಟಕ್ಕೆ ಬತ್ತೀಯೋ, ನಾನ್ ಮಾಡ್ಬುಡ್ಲೋ?’

‘ನೀವು ಮಾಡಿ’ ಎಂದು ಅವಳು ಫೋನು ಕಟ್ ಮಾಡಿದಳು. ಒಂದು ನಿಮಿಷವೂ ಆಗಿರಲಿಲ್ಲ. ಒಂದು ನಿಮಿಷವೂ ಬೇಕಾಗಿರಲಿಲ್ಲ ಎಂಬುದು ಅವಳಿಗೆ ಫೋನು ಇನ್ನೂ ಅಂಗೈಯಲ್ಲಿ ಬೆಚ್ಚಗಿರುವಾಗಲೇ ಹೊಳೆಯಿತು. ತಲೆ ಎತ್ತಿದಾಗ ಸಾಬಮ್ಮ ಮಗುವಿನ ತೋಳನ್ನು ಜಬಲದೊಳಗೆ ಸೇರಿಸುತ್ತಿದ್ದಳು. ಬಹಳ ನಿಧಾನವಾಗಿ ಸೇರಿಸುತ್ತಿದ್ದಳು.

‘ಇದು ನಿಮ್ಮ ಜಾಗ ಏನ್ರಿ ಅಕ್ಕೋರೆ?’

‘ಹೂಂ.’

‘ಫೋನಿನ್ಯಾಗ ಮಾತಾಡಿದವ್ರು ಯಜಮಾನ್ರೇನ್ರಿ?’

‘ಹೂಂ.’

ಸಾಬಮ್ಮ ಜಬಲದ ಗುಂಡಿ ಹಾಕಿದಳು. ಹೊರಗೆ ಮೋನಿಷಾ ಹಲಗೆ ಹೊತ್ತುಕೊಂಡು ಕೆಸರಿನಲ್ಲಿ ಕಾಲಿಡುತ್ತಾ ಬರುವ ಸದ್ದು ಕೇಳುತ್ತಿತ್ತು. ಸಾಬಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದೊಂದನ್ನು ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

‘ಅವತ್ತೂ ಫೋನು ಇತ್ತಲ್ರಿ ನಿಮ್ಮ ಹತ್ರ?’

‘ಇತ್ತು’ ಎಂದಳು ಗಂಗರತ್ನಮ್ಮ.